ಚೌಕಟ್ಟು ಉಳಿಯಿತು, ಬಿಡಿಭಾಗ ಸಿಗಲಿಲ್ಲ

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬುದು ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಸರ್ಕಾರಿ ಸೇವೆಯಿಂದ 2019ರಲ್ಲಿ ನಿವೃತ್ತನಾಗಿ ಕನಕಗಿರಿಗೆ ಮರಳಿದ ನಾನು, ಕಣ್ಣು ಕಾಲು ಎರಡನ್ನೂ ಇನ್ನಷ್ಟು ದಿನ ಉಳಿಸಿಕೊಳ್ಳುವ ಆಸೆಯಿಂದ ದಿನಾ ಬೆಳಿಗ್ಗೆ ಒಂದು ತಾಸು ಸೈಕಲ್ ತುಳಿಯುತ್ತೇನೆ. ಕನಕಾಚಲಪತಿ ದೇವಾಲಯದ ಮುಂದಿನಿಂದ ಹೊರಟು, ಊರ ಹೊರಗೆ ಬಂಡೆಗಲ್ಲಿನ ಗುಡ್ಡಗಳ ನಡುವೆ ಕುರಿಗಾಹಿಗಳು ಸವೆಸಿದ ದಾರಿ ಹಿಡಿದು, ಬಿಸಿಲೇರುವ ಮೊದಲು ಮನೆ ಸೇರುವುದು ನನ್ನ ದಿನಚರಿ. ಕಾಯಿಪಲ್ಲೆ ಮಾರುವವರಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರೂ ನನ್ನನ್ನಲ್ಲ, ನನ್ನ ಸೈಕಲನ್ನು ನೋಡುತ್ತಾರೆ.

ನೋಡುವುದಕ್ಕೆ ಕಾರಣವಿದೆ. ಅದು ಕಾರ್ಬನ್ ನಾರಿನ ಚೌಕಟ್ಟಿನ, ಮುಂದೆಯೂ ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ ಮೌಂಟನ್ ಬೈಕ್. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಮಗ 2016ರಲ್ಲಿ ಸುಮಾರು 3 ಲಕ್ಷ ರೂಪಾಯಿ ಕೊಟ್ಟು ಕೊಂಡದ್ದು. ಬೆಲೆ ಕೇಳಿ ನಾನು ಅವನೊಡನೆ ಒಂದು ವಾರ ಮಾತು ಬಿಟ್ಟಿದ್ದೆ. ಅವನು ವಿದೇಶಕ್ಕೆ ಹೋದಾಗ ಸೈಕಲ್ ನನ್ನ ಪಾಲಿಗೆ ಬಂತು. ಜನ ಕೇಳುವ ಮೊದಲ ಪ್ರಶ್ನೆ ಅದರ ಬೆಲೆ ಎಷ್ಟೆಂಬುದು. ಅದಕ್ಕೆ ನಾನು ನಕ್ಕು ಸುಮ್ಮನಾಗುತ್ತೇನೆ. ಎರಡನೆಯದು, ‘ಎಷ್ಟು ವರ್ಷ ಬಾಳಿಕೆ ಬರುತ್ತದೆ?’ ಎಂಬುದು. ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾದ ನನಗೆ ಮೊದಲನೆಯದಕ್ಕಿಂತ ಈ ಎರಡನೆಯ ಪ್ರಶ್ನೆಯೇ ಘನವಾದುದು ಎನಿಸಿದೆ. ಕೊಂಡ ಬೆಲೆಯನ್ನು ಒಂದು ರಸೀದಿ ಹೇಳುತ್ತದೆ. ಬಾಳಿಕೆಯ ಲೆಕ್ಕವನ್ನು ಮಾತ್ರ ವರ್ಷಗಟ್ಟಲೆ ಇಟ್ಟು ನೋಡಬೇಕು. ಆ ಲೆಕ್ಕವನ್ನು ನಾನು ಇಟ್ಟಿದ್ದೇನೆ.

ಮೊದಲಿಗೆ ಚೌಕಟ್ಟಿನ ವಿಷಯ. ಕಾರ್ಬನ್ ಎಂದರೆ ಗಾಜಿನಂತೆ ಒಡೆದುಹೋಗುತ್ತದೆ ಎಂಬ ಭಯ ಸಾಮಾನ್ಯವಾಗಿದೆ. ಅದು ಅರ್ಧ ಸತ್ಯ. ಉಕ್ಕಿಗೆ ಒಂದು ಮಿತಿಯಿದೆ. ಆ ಮಿತಿಯೊಳಗಿನ ಒತ್ತಡವನ್ನು ಎಷ್ಟು ಬಾರಿ ಹೇರಿದರೂ ಅದು ದಣಿಯುವುದಿಲ್ಲ. ಅಲ್ಯುಮಿನಿಯಂಗೆ ಅಂಥ ಮಿತಿಯಿಲ್ಲ. ಸಣ್ಣ ಒತ್ತಡವೂ ಲಕ್ಷಾಂತರ ಬಾರಿ ಮರುಕಳಿಸಿದರೆ ಎಂದೋ ಒಂದು ದಿನ ಬಿರುಕು ಮೂಡಬಹುದು. ರಾಳದಲ್ಲಿ ಪದರ ಪದರವಾಗಿ ಕೂಡಿಸಿದ ಕಾರ್ಬನ್ ನಾರು ಈ ದಣಿವನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಅದರ ಶತ್ರುಗಳು ಬೇರೆ: ಚೂಪುಗಲ್ಲಿನ ಪಕ್ಕದೇಟು, ಅಳತೆ ಮೀರಿ ಬಿಗಿದ ಬೋಲ್ಟು, ಪದರಗಳ ಒಳಗೆ ಕಣ್ಣಿಗೆ ಕಾಣದಂತೆ ಆಗುವ ಬಿಡಿಕೆ. ಆದ್ದರಿಂದಲೇ ಇಂಥ ಸೈಕಲ್ಲಿನ ಪ್ರತಿ ಬೋಲ್ಟಿಗೂ ಎಷ್ಟು ನ್ಯೂಟನ್ ಮೀಟರ್ ಬಿಗಿಯಬೇಕೆಂದು ಬರೆದಿರುತ್ತಾರೆ. ‘ಕೈಯಳತೆಯೇ ನಮ್ಮ ಅಳತೆ’ ಎನ್ನುವವರಿಗೆ ಕಾರ್ಬನ್ ಆಗಿಬರುವುದಿಲ್ಲ.

2022ರಲ್ಲಿ ಇಳಿಜಾರಿನಲ್ಲಿ ಬಿದ್ದೆ. ಮೊಣಕೈ ತರಚಿತು, ಸೈಕಲ್ಲಿನ ಕೆಳಕೊಳವೆ ಬಂಡೆಗೆ ಬಡಿದು ಬಣ್ಣ ಕಿತ್ತುಬಂತು. ನಾಣ್ಯದಿಂದ ಮೆಲ್ಲಗೆ ತಟ್ಟಿ, ಗಟ್ಟಿ ಜಾಗದ ಸದ್ದಿಗೂ ಪೆಟ್ಟಾದ ಜಾಗದ ಸದ್ದಿಗೂ ವ್ಯತ್ಯಾಸವಿದೆಯೇ ಎಂದು ಆಲಿಸಿದೆ. ಮಡಕೆ ಕೊಳ್ಳುವಾಗ ನಮ್ಮ ತಾಯಂದಿರು ಮಾಡುತ್ತಿದ್ದುದೂ ಇದನ್ನೇ. ಆದರೂ ಮನಸ್ಸು ಒಪ್ಪದೆ ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದೆ. ಪೆಟ್ಟು ಬಣ್ಣಕ್ಕಷ್ಟೇ ಆಗಿತ್ತು. ಹತ್ತು ವರ್ಷ ಸಮೀಪಿಸಿದರೂ ಚೌಕಟ್ಟಿಗೆ ಏನೂ ಆಗಿಲ್ಲ. ಬಾಳಿಕೆಯ ಪ್ರಶ್ನೆ ಚೌಕಟ್ಟಿನದ್ದೇ ಆಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯಬೇಕಿತ್ತು.

ತೊಂದರೆ ಶುರುವಾಗುವುದು ಚೌಕಟ್ಟಿಗೆ ಜೋಡಿಸಿದ ವಸ್ತುಗಳಿಂದ. ಮುಂದಿನ ಫೋರ್ಕಿನ ಕೆಳಭಾಗದ ಎಣ್ಣೆ ಮತ್ತು ಸೀಲುಗಳನ್ನು ಸುಮಾರು 50 ತಾಸಿನ ಓಟಕ್ಕೊಮ್ಮೆ ನೋಡಬೇಕೆಂದು ಇಂಥ ಸೈಕಲ್ಲುಗಳ ಕೈಪಿಡಿಗಳು ಹೇಳುವುದು ವಾಡಿಕೆ. ದಿನಕ್ಕೊಂದು ತಾಸು, ವಾರಕ್ಕೆ ಐದು ದಿನ ತುಳಿಯುವ ನನ್ನಂಥವನು ವರ್ಷಕ್ಕೆ 250 ತಾಸು ಓಡಿಸುತ್ತಾನೆ. ಅಂದರೆ ವರ್ಷಕ್ಕೆ ಐದು ಬಾರಿ. ನಾನು ಎರಡು ಬಾರಿ ಮಾಡಿಸುತ್ತೇನೆ. ಉಳಿದ ಮೂರು ಬಾರಿ ದೇವರ ಮೇಲೆ ಭಾರ. ನಮ್ಮ ಮಸಾರಿ ನೆಲದ ನುಣುಪು ದೂಳು ಎಲ್ಲ ಸಂದಿಗಳಿಗೂ ನುಗ್ಗುತ್ತದೆ. ಮಳೆಗಾಲದ ಎರೆ ಮಣ್ಣು ಮೆತ್ತಿಕೊಂಡರೆ ಗಾಲಿಯೇ ತಿರುಗುವುದಿಲ್ಲ.

2021ರಲ್ಲಿ ಹಿಂಬದಿಯ ಕೀಲುಗಳಲ್ಲಿರುವ ಬೇರಿಂಗುಗಳು ತುಕ್ಕು ಹಿಡಿದು ಕಿರುಗುಟ್ಟತೊಡಗಿದವು. ನಮ್ಮೂರಿನ ಸೈಕಲ್ ರಿಪೇರಿಯ ಹಿರಿಯರೊಬ್ಬರು ಹಳೆಯ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಚಿನಲ್ಲಿ ಕೆತ್ತಿದ್ದ ಸಂಖ್ಯೆಯನ್ನು ಭೂತಗನ್ನಡಿ ಹಿಡಿದು ಓದಿದರು. ಆ ಚೀಟಿ ಹಿಡಿದು ನಾನು ಗಂಗಾವತಿಗೆ ಹೋದೆ. ಭತ್ತದ ನಾಡಾದ ಆ ಊರಿನಲ್ಲಿ ಅಕ್ಕಿ ಗಿರಣಿಗಳಿಗೆ ಬಿಡಿಭಾಗ ಮಾರುವ ಅಂಗಡಿಗಳಿಗೆ ಬರವಿಲ್ಲ. ಅಂಥದೊಂದು ಅಂಗಡಿಯವರು ಚೀಟಿ ನೋಡಿ, ಒಳಗಿನಿಂದ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಮೂರು ಲಕ್ಷದ ಸೈಕಲ್ಲಿನ ಕೀಲು ಅಕ್ಕಿ ಗಿರಣಿಯ ಅಂಗಡಿಯಲ್ಲಿ ಸಿಕ್ಕಿತು! ಬೇರಿಂಗಿನ ಅಳತೆಗಳನ್ನು ಜಗತ್ತಿನ ಕೈಗಾರಿಕೆಗಳೆಲ್ಲ ಒಪ್ಪಿಕೊಂಡಿರುವುದೇ ಅದಕ್ಕೆ ಕಾರಣ.

ಎರಡು ವರ್ಷಗಳ ಬಳಿಕ ಹಿಂಬದಿಯ ಶಾಕ್ ಅಬ್ಸಾರ್ಬರ್ ಗಾಳಿ ಹಿಡಿಯುವುದನ್ನು ನಿಲ್ಲಿಸಿತು. ಈ ಸಲ ಅಂಗಡಿಯ ಉತ್ತರ ಬೇರೆಯಾಗಿತ್ತು: ‘ಆ ಮಾದರಿ ನಿಂತುಹೋಗಿದೆ, ಸರ್.’ 2016ರಲ್ಲಿ ಹಿಂಬದಿಯ ಶಾಕ್‌ಗಳಿಗೆ ಮೆಟ್ರಿಕ್ ಎಂಬ ಹೊಸ ಅಳತೆಗಳ ಸರಣಿ ಮಾರುಕಟ್ಟೆಗೆ ಬಂದಿತ್ತು. ನನ್ನದು ಹಳೆಯ ಅಳತೆಯದು. ಹೊಸ ಅಳತೆಯದು ಹಳೆಯ ಚೌಕಟ್ಟಿನಲ್ಲಿ ಕೂರುವುದಿಲ್ಲ. ಹೊಸ ಸೈಕಲ್ಲನ್ನೇ ಕೊಳ್ಳಿರಿ ಎಂಬ ಸಲಹೆ ಬಂತು. ಗಾಲಿಗಳ ಕಥೆಯೂ ಇದೇ. ಮೌಂಟನ್ ಬೈಕುಗಳಲ್ಲಿ ದಶಕಗಳ ಕಾಲ ರೂಢಿಯಲ್ಲಿದ್ದ 26 ಅಂಗುಲದ ಗಾಲಿಗಳು ಬೆಲೆಬಾಳುವ ಹೊಸ ಸೈಕಲ್ಲುಗಳಿಂದ ಕೆಲವೇ ವರ್ಷಗಳಲ್ಲಿ ಮಾಯವಾಗಿ, 27.5 ಮತ್ತು 29 ಅಂಗುಲದವು ಬಂದವು. ಹಿಂಬದಿಯ ಅಚ್ಚಿನ ಅಗಲ 135 ಮಿಲಿಮೀಟರಿನಿಂದ 142ಕ್ಕೆ, ಅಲ್ಲಿಂದ 148ಕ್ಕೆ ಏರಿತು. ಒಂದೊಂದು ಬದಲಾವಣೆಗೂ ತಾಂತ್ರಿಕ ಸಮರ್ಥನೆ ಇದೆ, ನಿಜ. ಆದರೆ ಎಲ್ಲ ಬದಲಾವಣೆಗಳ ಒಟ್ಟು ಫಲವೇನೆಂದರೆ, ಸುಸ್ಥಿತಿಯಲ್ಲಿರುವ ಚೌಕಟ್ಟೊಂದು ಬಿಡಿಭಾಗವಿಲ್ಲದೆ ಗೋಡೆಗೆ ಒರಗುತ್ತದೆ. ಕಡೆಗೆ ಬೆಂಗಳೂರಿನ ಸಣ್ಣ ಕಾರ್ಯಾಗಾರವೊಂದು ಹಳೆಯ ಸೈಕಲ್ಲಿನಿಂದ ಕಳಚಿದ ಶಾಕ್ ಒಂದನ್ನು ರಿಪೇರಿ ಮಾಡಿ ಕೊಟ್ಟಿತು. ಅದಕ್ಕಾಗಿ ನಾಲ್ಕು ತಿಂಗಳು ಕಾದೆ.

ಹಾಗಾದರೆ ಮಾರಿಬಿಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಆ ನಾಲ್ಕು ತಿಂಗಳಲ್ಲಿ ಅದನ್ನೂ ಪ್ರಯತ್ನಿಸಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಬರೆದ ಪ್ರಬಂಧವೊಂದು ಮುಂದೆ, 2001ರಲ್ಲಿ, ಅವರಿಗೆ ನೊಬೆಲ್ ಗೌರವ ತಂದುಕೊಟ್ಟಿತು. ಅದರ ಸಾರ ಸರಳ. ವಸ್ತುವಿನ ದೋಷ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಎಲ್ಲವನ್ನೂ ಕೆಟ್ಟ ಮಾಲೆಂದೇ ಭಾವಿಸಿ ಬೆಲೆ ಕಟ್ಟುತ್ತಾನೆ. ಆಗ ಒಳ್ಳೆಯ ಮಾಲಿನ ಒಡೆಯ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಬಿರುಕು ಕಣ್ಣಿಗೆ ಕಾಣದ ಕಾರ್ಬನ್ ಚೌಕಟ್ಟಿಗಿಂತ ಒಳ್ಳೆಯ ಉದಾಹರಣೆ ಈ ಸಿದ್ಧಾಂತಕ್ಕೆ ಸಿಗಲಾರದು. ನೋಡಲು ಬಂದ ಯುವಕರು ನನ್ನ ಪರೀಕ್ಷೆಯ ವರದಿಯನ್ನೂ ಓದಿದರು, ನನ್ನ ಬಿಳಿ ಕೂದಲನ್ನೂ ನೋಡಿದರು. ಆದರೂ ಕೊಂಡ ಬೆಲೆಯ ಹತ್ತನೇ ಒಂದು ಪಾಲಿಗಿಂತ ಮೇಲೇರಲಿಲ್ಲ. ಅವರದ್ದು ತಪ್ಪೆಂದು ನಾನು ಹೇಳಲಾರೆ.

ಈಗ ಇನ್ನೊಂದು ಸೈಕಲ್ಲಿನ ವಿಷಯ ಹೇಳಬೇಕು. 1979ರಲ್ಲಿ ಧಾರವಾಡದಲ್ಲಿ ಎಂ.ಎ. ಓದಲು ಹೋದಾಗ ತಂದೆಯವರು ಕೊಡಿಸಿದ ಅಟ್ಲಾಸ್ ಸೈಕಲ್ ಇಂದಿಗೂ ನಮ್ಮ ಪಡಸಾಲೆಯಲ್ಲಿದೆ. ಸಂತೆಗೆ ಹೋಗಲು ಅದೇ ಬೇಕು. ಟೈರು, ಟ್ಯೂಬು, ಚೈನು, ಪೆಡಲು, ಸೀಟು ಎಲ್ಲವೂ ಹಲವು ಬಾರಿ ಬದಲಾಗಿವೆ. ಅದರ ಕಂಪನಿ 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ್ದು. 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಸಾಹಿಬಾಬಾದ್‌ನ ತನ್ನ ಕೊನೆಯ ಕಾರ್ಖಾನೆಯಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ವಿಪರ್ಯಾಸ ನೋಡಿ: ಅಟ್ಲಾಸ್ ಕಾರ್ಖಾನೆ ಬಾಗಿಲು ಹಾಕಿದೆ, ಆದರೆ ಅಟ್ಲಾಸ್ ಸೈಕಲ್ಲಿನ ಬಿಡಿಭಾಗ ಕನಕಗಿರಿಯಲ್ಲೇ ಸಿಗುತ್ತದೆ. ಕಾರ್ಬನ್ ಸೈಕಲ್ಲಿನ ಕಂಪನಿ ಇನ್ನೂ ನಡೆಯುತ್ತಿದೆ, ಅದರ ಬಿಡಿಭಾಗ ಮಾತ್ರ ಎಲ್ಲಿಯೂ ಸಿಗುವುದಿಲ್ಲ.

ಅಂದರೆ ಬಾಳಿಕೆಯು ಉಕ್ಕು ಅಥವಾ ಕಾರ್ಬನ್ ಎಂಬ ವಸ್ತುವಿನ ಗುಣವಷ್ಟೇ ಅಲ್ಲ. ವಸ್ತುವಿನ ಸುತ್ತ ಇರುವ ವ್ಯವಸ್ಥೆಯ ಗುಣ. ಎಲ್ಲರೂ ಒಪ್ಪಿದ ಅಳತೆ, ಹತ್ತಿರದಲ್ಲಿ ಸಿಗುವ ಬಿಡಿಭಾಗ, ರಿಪೇರಿ ಬಲ್ಲ ಒಬ್ಬ ಮನುಷ್ಯ, ಈ ಮೂರೂ ಇದ್ದರೆ ಸಾಧಾರಣ ವಸ್ತುವೂ ಬಾಳುತ್ತದೆ. ಇಲ್ಲದಿದ್ದರೆ ಉತ್ತಮೋತ್ತಮ ವಸ್ತುವೂ ಬಾಳದು.

ಇದನ್ನು ಶ್ರೀಮಂತರ ಆಟಿಕೆಯೊಂದರ ಗೋಳು ಎಂದು ತಳ್ಳಿಹಾಕುವ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಯಿತು. ನಾನಾಗ ಸೇವೆಯಲ್ಲಿದ್ದ ತಾಲ್ಲೂಕಿನಲ್ಲಿ ವಿತರಣೆಯ ಮೇಲ್ವಿಚಾರಣೆ ನನ್ನ ಪಾಲಿಗೂ ಬಂದಿತ್ತು. ಹೊಸ ಸೈಕಲ್ ಹಿಡಿದು ನಿಂತ ಹುಡುಗಿಯರ ಮುಖಗಳನ್ನು ನಾನು ಮರೆತಿಲ್ಲ. ಎರಡು ವರ್ಷಗಳ ಬಳಿಕ ಬೇರೊಂದು ಕೆಲಸದ ಮೇಲೆ ಅದೇ ಶಾಲೆಗಳಲ್ಲೊಂದಕ್ಕೆ ಹೋದಾಗ, ಹಿಂಬದಿಯ ಗೋಡೆಗೆ ಒರಗಿಸಿದ್ದ ಹತ್ತಾರು ಸೈಕಲ್ಲುಗಳನ್ನು ಕಂಡೆ. ಕೆಲವಕ್ಕೆ ಟ್ಯೂಬಿಲ್ಲ, ಕೆಲವಕ್ಕೆ ಪೆಡಲಿಲ್ಲ, ಕೆಲವಕ್ಕೆ ಚೈನು ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಒಂದೊಂದನ್ನೂ ನೂರಿನ್ನೂರು ರೂಪಾಯಿಯಲ್ಲಿ ಓಡಿಸಬಹುದಿತ್ತು. ಆ ನೂರಿನ್ನೂರು ರೂಪಾಯಿ ಕೂಲಿಯ ಮನೆಗೆ ದೊಡ್ಡದು. ಊರಿನಲ್ಲಿ ರಿಪೇರಿಯ ಅಂಗಡಿಯೂ ಇರಲಿಲ್ಲ. ‘ಮತ್ತೆ ನಡೆದೇ ಬರುತ್ತೇವೆ ಸರ್’ ಎಂದಳು ಒಬ್ಬಳು, ಯಾವ ದೂರೂ ಇಲ್ಲದ ದನಿಯಲ್ಲಿ.

ಆ ಯೋಜನೆಯಲ್ಲಿ ನನ್ನ ಮುಂದೆ ಬಂದ ಕಡತಗಳಲ್ಲಿ ಸಂಖ್ಯೆಯಿತ್ತು, ಜೋಡಣೆಯಿತ್ತು, ಸಾಗಣೆಯಿತ್ತು, ವಿತರಣಾ ಸಮಾರಂಭದ ದಿನಾಂಕವಿತ್ತು. ವಿತರಣೆಯ ಮರುದಿನದಿಂದ ಸೈಕಲ್ಲಿಗೆ ಏನಾಗುತ್ತದೆ ಎಂಬುದಕ್ಕೆ ಒಂದು ಕಾಲಮ್ಮೂ ಇರಲಿಲ್ಲ. ಅದನ್ನು ಗಮನಿಸಿ ಒಂದು ಟಿಪ್ಪಣಿ ಬರೆಯುವ ಅಧಿಕಾರ ನನಗಿತ್ತು. ನಾನು ಬರೆಯಲಿಲ್ಲ. ‘ಗುರಿ ಸಾಧಿಸಲಾಗಿದೆ’ ಎಂದು ಸಹಿ ಹಾಕಿದೆ.

ಆ ಹುಡುಗಿ ಮತ್ತೆ ನಡೆದು ಬಂದದ್ದರ ಬೆಲೆ ಎಷ್ಟೆಂಬುದಕ್ಕೆ ಬಿಹಾರದಲ್ಲಿ ಒಳ್ಳೆಯ ಸಾಕ್ಷ್ಯವಿದೆ. ಅಲ್ಲಿ 2006ರಲ್ಲಿ ಆರಂಭವಾದ ಬಾಲಕಿಯರ ಸೈಕಲ್ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಯೋಜನೆಯಿಂದ ಪ್ರೌಢಶಾಲೆಗೆ ಸರಿಯಾದ ವಯಸ್ಸಿನಲ್ಲಿ ಸೇರುವ ಬಾಲಕಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತೆಂದೂ, ಬಾಲಕ-ಬಾಲಕಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತೆಂದೂ 2017ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳುತ್ತದೆ. ಶಾಲೆಯಿಂದ 3 ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿದ್ದ ಹಳ್ಳಿಗಳಲ್ಲೇ ಪರಿಣಾಮ ಹೆಚ್ಚು. ಕುಷ್ಟಗಿ, ಯಲಬುರ್ಗಾ, ಕನಕಗಿರಿಯಂಥ ಒಣಭೂಮಿಯ ತಾಲ್ಲೂಕುಗಳಲ್ಲಿ ಅಷ್ಟು ದೂರ ಹೊಸದೇನಲ್ಲ. ಸೈಕಲ್ ಹುಡುಗಿಯೊಬ್ಬಳ ಓದನ್ನು ಉಳಿಸುತ್ತದೆ ಎಂಬುದು ನಿಜವಾದರೆ, ಗಾಲಿ ತಿರುಗುವವರೆಗೆ ಮಾತ್ರ ಉಳಿಸುತ್ತದೆ ಎಂಬುದೂ ಅಷ್ಟೇ ನಿಜ. 8ನೇ ತರಗತಿಯಲ್ಲಿ ಕೊಟ್ಟ ಸೈಕಲ್ ಕನಿಷ್ಠ 10ನೇ ತರಗತಿ ಮುಗಿಯುವ ತನಕ, ಮೂರು ವರ್ಷ, ಓಡಬೇಕು.

ಖರೀದಿಗೆ ಹಣ ಸುಲಭವಾಗಿ ಸಿಗುತ್ತದೆ, ನಿರ್ವಹಣೆಗೆ ಸಿಗುವುದಿಲ್ಲ. ಖರೀದಿಗೆ ಸಮಾರಂಭವಿದೆ, ಫಲಕವಿದೆ, ಛಾಯಾಚಿತ್ರವಿದೆ. ಎಣ್ಣೆ ಬಿಡುವುದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಈ ಸ್ವಭಾವ ಸೈಕಲ್ಲಿಗೆ ಸೀಮಿತವಲ್ಲ. ನಮ್ಮ ಜಿಲ್ಲೆಯ ಮುನಿರಾಬಾದಿನಲ್ಲಿರುವ ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳು. ಸುಮಾರು 70 ವರ್ಷ ನೀರನ್ನು ಹಿಡಿದಿಟ್ಟ ಆ ಅಣೆಕಟ್ಟಿನ 19ನೇ ಗೇಟಿನ ಸರಪಳಿ 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸುವಷ್ಟರಲ್ಲಿ ಸುಮಾರು ಒಂದು ವಾರ ಕಳೆಯಿತು. ಎಷ್ಟೋ ಟಿಎಂಸಿ ನೀರು ಹರಿದುಹೋಯಿತು. ಕಲ್ಲು ಗಾರೆಯ ಅಣೆಕಟ್ಟಿಗೆ ಏನೂ ಆಗಲಿಲ್ಲ, ಕೈಕೊಟ್ಟದ್ದು ಸರಪಳಿ. ಯಾರನ್ನೂ ದೂರಲು ಈ ಮಾತು ಹೇಳುತ್ತಿಲ್ಲ. ದೊಡ್ಡ ವಸ್ತುವಿನ ಆಯುಷ್ಯವನ್ನು ಅದರ ಚಿಕ್ಕ ಭಾಗ ನಿರ್ಧರಿಸುತ್ತದೆ ಎಂಬ ಪಾಠವನ್ನು ನಮ್ಮ ಭಾಗದ ರೈತರು ಆ ವಾರ ಕಣ್ಣಾರೆ ಕಂಡರು.

ಆಡಳಿತ ಈ ದಿಕ್ಕಿನಲ್ಲಿ ಏನೂ ಯೋಚಿಸಿಲ್ಲವೆಂದು ಹೇಳುವಂತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿಯೊಂದನ್ನು ರಚಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ಮೋಟಾರು ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆಯ್ದುಕೊಂಡರು. ಮೋಟಾರಿಲ್ಲದ ಸೈಕಲ್ ಆ ಪಟ್ಟಿಯ ಹೊರಗೆ ಉಳಿಯಿತು. ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಸಿದ್ದು ಸ್ವಾಗತಾರ್ಹ. ಆದರೆ ಸಿಗದ ಬಿಡಿಭಾಗಕ್ಕೆ ಎಷ್ಟು ತೆರಿಗೆಯಾದರೇನು?

ಆದ್ದರಿಂದ ನನ್ನ ಸಲಹೆಗಳು ಮೂರು. ಮೊದಲನೆಯದು, ಸೈಕಲನ್ನೂ ರಿಪೇರಿಯ ಹಕ್ಕಿನ ವ್ಯಾಪ್ತಿಗೆ ತರಬೇಕು. ಒಂದು ಮಾದರಿಯ ತಯಾರಿಕೆ ನಿಂತ ಮೇಲೂ ಇಂತಿಷ್ಟು ವರ್ಷ ಅದರ ಬಿಡಿಭಾಗ ಒದಗಿಸುವುದಾಗಿ ಮಾರುವಾಗಲೇ ಬರೆದುಕೊಡುವ ಕಟ್ಟಳೆ ಇರಬೇಕು. ಎರಡನೆಯದು, 2020ರಿಂದ ನಿಂತುಹೋದ ಶಾಲಾ ಸೈಕಲ್ ಯೋಜನೆಯನ್ನು ಮತ್ತೆ ಆರಂಭಿಸಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಆರಂಭಿಸುವುದಾದರೆ, ಪ್ರತಿ ಸೈಕಲ್ಲಿನ ಬೆಲೆಯ ಸಣ್ಣ ಪಾಲೊಂದನ್ನು ಮೂರು ವರ್ಷಗಳ ರಿಪೇರಿಗೆ ಮೀಸಲಿಟ್ಟು, ಮಗು ತನ್ನೂರಿನ ಅಥವಾ ಪಕ್ಕದೂರಿನ ಅಂಗಡಿಯಲ್ಲಿ ಬಳಸಬಹುದಾದ ಚೀಟಿಯಾಗಿ ಕೊಡಬೇಕು. ಟೆಂಡರಿನಲ್ಲಿ ಎಲ್ಲೆಡೆ ಸಿಗುವ ಅಳತೆಯ ಬಿಡಿಭಾಗಗಳನ್ನೇ ಕಡ್ಡಾಯಗೊಳಿಸಬೇಕು. ಮೂರನೆಯದು, ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಸೈಕಲ್ ರಿಪೇರಿಯ ಅಲ್ಪಾವಧಿ ತರಬೇತಿಯನ್ನು ನೀಡಬೇಕು. ಅದರಲ್ಲಿ ಟ್ಯೂಬಿನ ಪಂಕ್ಚರಿನಿಂದ ಹಿಡಿದು ಡಿಸ್ಕ್ ಬ್ರೇಕು, ಶಾಕಿನ ಸೀಲು, ಅಳತೆಯಿಟ್ಟು ಬಿಗಿಯುವ ಪಾನದವರೆಗೆ ಎಲ್ಲವೂ ಇರಲಿ.

ಇದಕ್ಕೆ ಆಕ್ಷೇಪಗಳೂ ಇವೆ. ಚೀಟಿಯೆಂದರೆ ಸುಳ್ಳು ಬಿಲ್ಲಿಗೆ ದಾರಿ ಎನ್ನುವವರಿದ್ದಾರೆ. ಮೂರು ದಶಕಗಳ ಸೇವೆಯ ಬಳಿಕ ಅದನ್ನು ಅಲ್ಲಗಳೆಯುವಷ್ಟು ಮುಗ್ಧ ನಾನಲ್ಲ. ಆದರೆ ಸುಳ್ಳು ಬಿಲ್ಲಿನಲ್ಲಿ ಸೋರುವ ಹಣಕ್ಕಿಂತ, ಗೋಡೆಗೊರಗಿ ತುಕ್ಕು ಹಿಡಿಯುವ ಹೊಸ ಸೈಕಲ್ಲಿನ ನಷ್ಟ ದೊಡ್ಡದು. ಲೆಕ್ಕ ಪರಿಶೋಧನೆಯಲ್ಲಿ ಮೊದಲನೆಯದು ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ, ಅಷ್ಟೇ. ಹಳೆಯ ಅಳತೆಗೇ ಅಂಟಿಕೊಂಡರೆ ಹೊಸತು ಹುಟ್ಟುವುದು ಹೇಗೆ ಎಂಬ ಪ್ರಶ್ನೆಯೂ ನ್ಯಾಯವಾದುದೇ. ಸರಳು ಬ್ರೇಕಿನ ನನ್ನ ಅಟ್ಲಾಸಿನಲ್ಲಿ ಆ ಕಲ್ಲುಗುಡ್ಡವನ್ನು ಈ ವಯಸ್ಸಿನಲ್ಲಿ ಏರಲಾರೆ. ಏರಿದರೂ ಜೀವಸಹಿತ ಇಳಿಯಲಾರೆ. ಹೊಸತು ಬರಲಿ. ಹೊಸತು ಬಂದ ದಿನವೇ ಹಳೆಯದರ ಬಿಡಿಭಾಗ ಅನಾಥವಾಗದಿರಲಿ ಎಂಬುದಷ್ಟೇ ನನ್ನ ವಾದ.

ಫಾಲ್ಗುಣದ ಜಾತ್ರೆಗೆ ಕನಕಾಚಲಪತಿಯ ತೇರು ಹೊರಡುತ್ತದೆ. ನಮ್ಮ ಊರುಗಳಲ್ಲಿ ತೇರನ್ನು ಎಳೆಯುವ ಮೊದಲು ಅಚ್ಚು, ಗಾಲಿ, ಹಗ್ಗ, ಬೆಣೆಗಳನ್ನು ಒಂದೊಂದಾಗಿ ನೋಡುವುದು ಪದ್ಧತಿ. ಮರದ ತೇರು ತಲೆಮಾರುಗಳ ಕಾಲ ಬಾಳುವುದು ಮರ ಗಟ್ಟಿಯಾಗಿರುವುದರಿಂದಷ್ಟೇ ಅಲ್ಲ, ಹೀಗೆ ನೋಡುವವರು ಇರುವುದರಿಂದ. ಬೇರಿಂಗಿನ ಸಂಖ್ಯೆಯನ್ನು ಓದಿ ಹೇಳಿದ ನಮ್ಮೂರಿನ ಹಿರಿಯರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಅಂಗಡಿಯಲ್ಲಿ ಶಿಷ್ಯರಿಲ್ಲ. ಸೈಕಲ್ ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಈಚೆಗೆ ಯಾರಾದರೂ ಕೇಳಿದರೆ, ನಾನು ಚೌಕಟ್ಟನ್ನು ತೋರಿಸುವುದಿಲ್ಲ. ಆ ಅಂಗಡಿಯನ್ನು ತೋರಿಸುತ್ತೇನೆ.